ತುರುಗೊಳ್ ಕಲ್ಲುಗಳು: ಕಾಯುವ ಕೈ ಎಲ್ಲಿ ನಿಲ್ಲಬೇಕು?

ಕೆರೆ ಏರಿಯ ಮೇಲೋ ಹನುಮಂತನ ಗುಡಿಯ ಮಗ್ಗುಲಲ್ಲೋ ಅರ್ಧ ಹೂತು ನಿಂತ ವೀರಗಲ್ಲುಗಳಲ್ಲಿ ಬಹಳಷ್ಟು, ತುರುಗೊಳ್ ನಡೆದಾಗ, ಎಂದರೆ ಹೊರಗಿನವರು ದನ ಹೊಡೆದುಕೊಂಡು ಹೋಗಲು ಬಂದಾಗ, ಆ ದನಗಳಿಗಾಗಿ ಸತ್ತವರವು. ಕೆಳಗಿನ ಪಟ್ಟಿಕೆಯಲ್ಲಿ ಸಾಲಾಗಿ ಕಡೆದ ಹಸುಗಳು, ಬಿಲ್ಲೆಳೆದು ನಿಂತ ಒಬ್ಬ, ಅವನೆದುರು ಹಲವರು. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕೂತಿರುತ್ತಾನೆ. ಶಾಸನವಿದ್ದರೆ ಅದೂ ಚುಟುಕು: ತುರುಗಳನ್ನು ಮರಳಿಸಿ ಸತ್ತ, ಇಷ್ಟೇ. ಇವನ್ನು ಬರೀ ಶೌರ್ಯದ ಗುರುತೆಂದು ಓದುವುದು ರೂಢಿ. ಬಲಪ್ರಯೋಗಕ್ಕೆ ಒಂದು ಮಿತಿಯೂ ಇವುಗಳಲ್ಲಿದೆ ಎಂಬುದು ನನ್ನ ವಾದ. ದನ ಹಟ್ಟಿ ಸೇರಿದರೆ ಕಾಳಗ ಮುಗಿಯಿತು. ಹೊಗಳಿಕೆಯೂ ಅಲ್ಲಿಗೇ ನಿಲ್ಲುತ್ತದೆ. ಸತ್ತವನ ಮನೆಗೆ ಸಿಗುತ್ತಿದ್ದುದು ಭೂಮಿ. ಶಾಸನಗಳು ಅದನ್ನು ಕಲ್ನಾಡು, ನೆತ್ತರುಗೊಡಗೆ ಎನ್ನುತ್ತವೆ. ಅಪ್ಪನ ಸಾವಿಗೆ ಸೇಡು ತೀರಿಸುವ ಹೊರೆಯನ್ನು ಮಗನ ತಲೆಗೆ ಕಟ್ಟುವ ಬದಲು, ಉಣ್ಣಲು ಹೊಲ ಬಿಟ್ಟು ಲೆಕ್ಕ ಚುಕ್ತಾ ಮಾಡುವ ವ್ಯವಸ್ಥೆ ಇದು. ಮಳೆ ಬರಲೆಂದು ನಮ್ಮ ಹಳ್ಳಿಗಳಲ್ಲಿ ಓದಿಸುವ ವಿರಾಟಪರ್ವದಲ್ಲೂ ಇದೇ ನಡೆ: ಅರ್ಜುನ ಗೋವುಗಳನ್ನು ಬಿಡಿಸಿಕೊಳ್ಳುತ್ತಾನೆ, ಮೂರ್ಛೆ ಹೋದ ಕೌರವರ ಕತ್ತು ಕೊಯ್ಯುವುದಿಲ್ಲ. ಉತ್ತರೆಯ ಗೊಂಬೆಗಳಿಗೆ ಅವರ ಉತ್ತರೀಯ ಸಾಕಾಯಿತು!

ಇದಕ್ಕೆ ಆಕ್ಷೇಪ ಬರುವುದು ಸಹಜ. ತುರುಗೊಳ್ ಎಷ್ಟೋ ಸಲ ಯುದ್ಧಕ್ಕೆ ಕೊಟ್ಟ ಕರೆ. ಈ ವರ್ಷ ಕಾದವನೇ ಮುಂದಿನ ವರ್ಷ ಒಡೆಯನ ಮಾತಿಗೆ ಕಟ್ಟುಬಿದ್ದು ಪಕ್ಕದ ಸೀಮೆಯ ದನ ಹೊಡೆದುಕೊಂಡು ಬಂದಿರಬಹುದು. ಕಲ್ಲು ನೆಡಿಸಿದವರು ಸಂತರೇನೂ ಅಲ್ಲ. ನಿಜ. ಆದರೆ ಜನ ಮಾಡಿದ್ದು ಒಂದು, ಮೆಚ್ಚಿದ್ದು ಇನ್ನೊಂದು. ನೀತಿಯನ್ನು ಹುಡುಕಬೇಕಾದದ್ದು ಮೆಚ್ಚುಗೆಯಲ್ಲಿ. ತಲಕಾಡುಗೊಂಡನೆಂದು ಬಿರುದು ಹೊತ್ತ ವಿಷ್ಣುವರ್ಧನನಿಗೆ ಗೆದ್ದುಕೊಂಡದ್ದೇ ಹೆಮ್ಮೆ. ಹಳ್ಳಿಯ ತುರುಗೊಳ್ ಕಲ್ಲಿಗೆ ಹೆಮ್ಮೆ ಬರುವುದು ತನ್ನದು ತನಗೆ ಮರಳಿದ್ದರಿಂದ.

1860ರ ದಂಡಸಂಹಿತೆಯ 105ನೇ ಕಲಮು, ಈಗ ಭಾರತೀಯ ನ್ಯಾಯ ಸಂಹಿತೆಯ 43ನೆಯದು, ಹೆಚ್ಚುಕಡಿಮೆ ಇದೇ ಗೆರೆ ಎಳೆಯುತ್ತದೆ: ಕಳ್ಳತನದ ವಿರುದ್ಧ ಸ್ವತ್ತು ಕಾಯುವ ಹಕ್ಕು, ಕಳ್ಳ ಮಾಲಿನೊಡನೆ ಪಾರಾಗುವವರೆಗೆ, ಅಧಿಕಾರಿಗಳ ನೆರವು ಸಿಗುವವರೆಗೆ ಅಥವಾ ಮಾಲು ಕೈಸೇರುವವರೆಗೆ ಮಾತ್ರ. ಅಲ್ಲಿಂದಾಚೆಗಿನ ಪೆಟ್ಟು ರಕ್ಷಣೆ ಎನಿಸದು. ಅಟ್ಟಿಸಿಕೊಂಡು ಹೋದದ್ದೇ ಸೇಡಲ್ಲವೇ ಎಂದು ಕೇಳುವವರಿಗೂ ಇಲ್ಲೇ ಉತ್ತರವಿದೆ. ದನ ಇನ್ನೂ ಕಣ್ಣಳತೆಯಲ್ಲಿದ್ದಾಗ ಬೆನ್ನಟ್ಟುವುದು ಕಾಯುವ ಕೆಲಸದ ಮುಂದುವರಿಕೆ. ದನ ಸಿಕ್ಕ ಮೇಲೂ ಬೆನ್ನಟ್ಟಿದರೆ ಅದು ಹಗೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಅಧಿಕಾರಿಗಳ ಮೊರೆಹೋಗಲು ಸಮಯವಿದ್ದರೆ ಇಂದಿನ ಕಾನೂನಿನಲ್ಲಿ ಕೈ ಎತ್ತುವ ಹಕ್ಕೇ ಇಲ್ಲ. ತುರುಗೊಳ್ ವೀರನಿಗೆ ದೂರು ಕೊಡಲು ಠಾಣೆಯಿರಲಿಲ್ಲ. ಸತ್ತದ್ದೂ ತನ್ನೂರ ದನಕ್ಕಾಗಿ, ಆಯುಧ ಹಿಡಿದು ಬಂದವರೆದುರು. ಹೆದ್ದಾರಿಯಲ್ಲಿ ದನ ಸಾಗಿಸುವ ಲಾರಿ ಅಡ್ಡಗಟ್ಟಿ, ಬರಿಗೈಯ ಚಾಲಕನನ್ನು ಹತ್ತು ಜನ ಸೇರಿ ಬಡಿಯುವವರು ಈ ಕಲ್ಲುಗಳನ್ನು ಸಾಕ್ಷಿಗೆ ಕರೆಯುವಂತಿಲ್ಲ.