ಊರಿನಲ್ಲಿ ತೆಗೆಯುವ ಫ್ಲೋರೈಡ್, ಇಲ್ಲಿ ಬೆರೆಸುವ ಫ್ಲೋರೈಡ್

ಪಾವಗಡ, ಮುಂಡರಗಿ, ಬಾಗೇಪಲ್ಲಿ ಕಡೆಯವರಿಗೆ ಫ್ಲೋರೈಡ್ ಎಂದರೆ ಕಂದು ಕಲೆಯ ಹಲ್ಲು, ಬಗ್ಗಿದ ಬೆನ್ನು ನೆನಪಾಗುತ್ತದೆ. ಅಲ್ಲಿಂದ ಮೊಮ್ಮಗುವನ್ನು ನೋಡಲು ಮೆಲಾಕಾಕ್ಕೆ ಬಂದ ಅಜ್ಜಿಗೆ, ಇಲ್ಲಿನ ನಲ್ಲಿ ನೀರಿಗೆ ಸರ್ಕಾರವೇ ಫ್ಲೋರೈಡ್ ಬೆರೆಸುತ್ತದೆ ಎಂದು ಹೇಳಿನೋಡಿ. ಮಗುವಿಗೆ ಆ ನೀರು ಕುಡಿಸಬೇಡಿ ಎಂದೇ ಅವರು ಹೇಳುವುದು. ಅವರ ಭಯ ಸುಳ್ಳಲ್ಲ. ಆದರೆ ಕಥೆಗೆ ಇನ್ನೊಂದು ಅರ್ಧವಿದೆ.

1901ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ ಹೋದ ದಂತವೈದ್ಯ ಫ್ರೆಡರಿಕ್ ಮೆಕ್ಕೇ ಅಲ್ಲಿನವರ ಹಲ್ಲಿನಲ್ಲಿ ಇಂಥದೇ ಕಂದು ಕಲೆ ಕಂಡರು. ವಿಚಿತ್ರವೆಂದರೆ ಕಲೆಯಿದ್ದ ಹಲ್ಲುಗಳಿಗೆ ಹುಳುಕು ಅಷ್ಟಾಗಿ ತಗಲಿರಲಿಲ್ಲ. ಇದಕ್ಕೆ ನೀರಿನ ಫ್ಲೋರೈಡ್ ಕಾರಣವೆಂದು ತಿಳಿಯಲು 1931ರವರೆಗೆ ಕಾಯಬೇಕಾಯಿತು. ಭಾರತದಲ್ಲಿ ಇದರ ಕೇಡು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ವರದಿಯಾಯಿತು. ಅತಿಯಾದರೆ ಹಲ್ಲಿಗೂ ಮೂಳೆಗೂ ಕೇಡು, ಹಿತಮಿತವಾಗಿದ್ದರೆ ಹುಳುಕು ಕಡಿಮೆ. ಈ ಲೆಕ್ಕದ ಮೇಲೆ 1945ರಲ್ಲಿ ಗ್ರ್ಯಾಂಡ್ ರಾಪಿಡ್ಸ್ ನಗರದ ನೀರಿಗೆ ಮೊದಲ ಬಾರಿ ಅದನ್ನು ಬೆರೆಸಿದರು.

ಈ ದೇಶದಲ್ಲಿ ಜೋಹೋರ್ ರಾಜ್ಯ 1957ರಲ್ಲಿ ಆರಂಭಿಸಿತು. 1972ರಲ್ಲಿ ಮಂತ್ರಿಮಂಡಲ ಒಪ್ಪಿ ಅದು ರಾಷ್ಟ್ರದ ನೀತಿಯಾಯಿತು. ಮೊದಲು ಲೀಟರಿಗೆ 0.7 ಮಿಲಿಗ್ರಾಂ ಇತ್ತು. ಮಕ್ಕಳಿಗೆ ಟೂತ್‌ಪೇಸ್ಟಿನಿಂದಲೂ ಫ್ಲೋರೈಡ್ ಸಿಗುತ್ತದಲ್ಲ. ಹಲ್ಲಿನ ಮೇಲೆ ಕಲೆ ಕಾಣತೊಡಗಿದ್ದರಿಂದ 2005ರಲ್ಲಿ 0.5ಕ್ಕೆ ಇಳಿಸಿದರು. ಭಾರತದ ಮಾನದಂಡದಲ್ಲಿ 1 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5. ಅಜ್ಜಿಯ ಊರಿನ ಕೊಳವೆಬಾವಿಗಳು ಇದನ್ನೂ ಮೀರಿದ್ದರಿಂದಲೇ ಅಲ್ಲಿ ಜನ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಲ್ಲುವುದು.

ನೀರಿಗಿಂತ ಮೊದಲೇ ಇಲ್ಲಿ ಇನ್ನೊಂದು ಕೆಲಸ ನಡೆದಿತ್ತು. 1949ರಲ್ಲಿ ಪೆನಾಂಗ್‌ನಲ್ಲಿ ದಂತ ದಾದಿಯರ ತರಬೇತಿ ಶಾಲೆ ತೆರೆಯಿತು. ಮಾದರಿ ನ್ಯೂಜಿಲೆಂಡಿನದು, ಅಲ್ಲಿ 1921ರಿಂದಲೇ ಯುವತಿಯರಿಗೆ ಮಕ್ಕಳ ಹಲ್ಲು ತುಂಬುವ ವಿದ್ಯೆ ಕಲಿಸಿ ಶಾಲೆಗಳಿಗೆ ಕಳಿಸುತ್ತಿದ್ದರು. (ಆ ಮಕ್ಕಳು ಶಾಲೆಯ ಆ ಕೋಣೆಗೆ ‘ಕೊಲೆಮನೆ’ ಎಂದು ಅಡ್ಡಹೆಸರಿಟ್ಟಿದ್ದರಂತೆ. ನಮ್ಮ ಮಕ್ಕಳೇನೂ ಕಡಿಮೆಯಿಲ್ಲ ಬಿಡಿ.) ಪೆನಾಂಗ್‌ನಲ್ಲಿ ಕಲಿತವರು ದಂತವೈದ್ಯರ ಮೇಲ್ವಿಚಾರಣೆಯಲ್ಲಿ ಹದಿನೇಳು ವರ್ಷದೊಳಗಿನವರ ಹಲ್ಲು ನೋಡುತ್ತಾ ಬಂದರು. ಶಾಲೆಗೆ ಬಂದು ಮಕ್ಕಳನ್ನು ಸಾಲಾಗಿ ಕೂರಿಸಿ ಬ್ರಷ್ ಮಾಡಿಸಿದ್ದೂ ಇವರೇ.

ಆದರೆ ಮಗು ಶಾಲೆಗೆ ಸೇರುವ ಹೊತ್ತಿಗೆ ಎಷ್ಟೋ ಬಾರಿ ಹಾಲುಹಲ್ಲು ಕೆಟ್ಟಿರುತ್ತದೆ. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಗು ಮಲಗಿತೆನ್ನಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಸಿಹಿ ತೊಳೆದುಹೋಗುವುದಿಲ್ಲ. ಬಾಯಿಯ ಸೂಕ್ಷ್ಮಾಣುಗಳು ಅದನ್ನು ಆಮ್ಲ ಮಾಡುತ್ತವೆ, ಮೇಲಿನ ಮುಂದಿನ ಹಲ್ಲುಗಳು ಮೊದಲು ಸವೆಯುತ್ತವೆ. ಇದನ್ನು ತಡೆಯುವಷ್ಟು ಶಕ್ತಿ 0.5 ಮಿಲಿಗ್ರಾಂಗೆ ಇಲ್ಲ. ಬಾಟಲಿಯಲ್ಲಿ ಬರೀ ನೀರಿರಲಿ.

ಇನ್ನೊಂದು ಮಾತು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆರ್.ಓ. ಯಂತ್ರ ಮಾತ್ರ ಬಹುಪಾಲು ತೆಗೆದುಬಿಡುತ್ತದೆ. ಊರಿನ ಅಭ್ಯಾಸದಿಂದ ಇಲ್ಲೂ ಅದನ್ನು ಹಾಕಿಸಿಕೊಂಡವರ ಮನೆಯಲ್ಲಿ ಫ್ಲೋರೈಡ್ ಇರುವ ಪೇಸ್ಟ್ ಇನ್ನಷ್ಟು ಅಗತ್ಯ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ದಿನಕ್ಕೆ ಎರಡು ಸಲ, ರಾತ್ರಿಯದನ್ನು ದೊಡ್ಡವರೇ ಉಜ್ಜಿಸಬೇಕು. ಆ ಕೆಲಸವನ್ನು ಅಜ್ಜಿಗೇ ಒಪ್ಪಿಸಬಹುದು.