ನ್ಯಾನೊಕಣ ಔಷಧಗಳು

ನೀರಿನಲ್ಲಿ ಸರಿಯಾಗಿ ಕರಗದ ಔಷಧವನ್ನು ಅತಿಸೂಕ್ಷ್ಮ ಕಣಗಳಾಗಿ ಅರೆದು, ಅಥವಾ ಅಂಥ ಕಣಗಳೊಳಗೆ ತುಂಬಿ ದೇಹಕ್ಕೆ ಒದಗಿಸುವ ವಿಧಾನ. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ.

ನುಂಗಿದ ಮಾತ್ರೆ ಜೀರ್ಣರಸದಲ್ಲಿ ಕರಗದಿದ್ದರೆ ಅದರ ಬಹುಪಾಲು ರಕ್ತ ಸೇರದೆ ಮಲದಲ್ಲಿ ಹೊರಹೋಗುತ್ತದೆ. ಕಲ್ಲುಸಕ್ಕರೆಗಿಂತ ಪುಡಿಸಕ್ಕರೆ ಬೇಗ ಕರಗುವಂತೆ, ಕಣ ಚಿಕ್ಕದಾದಷ್ಟೂ ಹೊರಮೈ ಹೆಚ್ಚಿ ಔಷಧ ಬೇಗ ಕರಗುತ್ತದೆ. 10 ಮೈಕ್ರಾನಿನ (10,000 ನ್ಯಾನೊಮೀಟರಿನ) ಕಣವನ್ನು 100 ನ್ಯಾನೊಮೀಟರಿಗೆ ಇಳಿಸಿದರೆ ಅಷ್ಟೇ ತೂಕದ ಔಷಧಕ್ಕೆ ನೂರು ಪಟ್ಟು ಹೊರಮೈ ಸಿಗುತ್ತದೆ. ಹೀಗೆ ಅರೆದ ಕಣಗಳು ಮತ್ತೆ ಒಂದಕ್ಕೊಂದು ಅಂಟಿಕೊಳ್ಳಲು ಹವಣಿಸುತ್ತವೆ. ಅದನ್ನು ತಡೆಯಲು ಪಾಲಿಮರ್ ಅಥವಾ ಸರ್ಫ್ಯಾಕ್ಟಂಟ್ ಲೇಪ ಬೇಕು. ನಿಜವಾದ ಕಷ್ಟವಿರುವುದು ಅರೆಯುವುದರಲ್ಲಲ್ಲ, ಇಲ್ಲಿ. ಅಂಗಾಂಗ ಕಸಿಯಾದವರಿಗೆ ಕೊಡುವ ಸಿರೊಲಿಮಸ್ 2000ದಲ್ಲಿ ಇಂಥ ಮಾತ್ರೆಯಾಗಿ ಅಮೆರಿಕದ ಮಾರುಕಟ್ಟೆಗೆ ಬಂತು. ಕ್ಯಾನ್ಸರ್ ಔಷಧ ಪ್ಯಾಕ್ಲಿಟಾಕ್ಸೆಲ್ ಅನ್ನು ಸುಮಾರು 130 ನ್ಯಾನೊಮೀಟರಿನ ಆಲ್ಬುಮಿನ್ ಕಣಗಳಲ್ಲಿ ಕೊಡುವ ಕ್ರಮಕ್ಕೆ 2005ರಲ್ಲಿ ಅಲ್ಲಿ ಒಪ್ಪಿಗೆ ದೊರೆಯಿತು.

ಶಿವಮೊಗ್ಗ, ಭದ್ರಾವತಿ ಕಡೆಯ ಜನ ಈ ತಂತ್ರದ ಹೆಸರು ಕೇಳಿದ್ದು 2021ರ ಕಪ್ಪು ಶಿಲೀಂಧ್ರದ ದಿನಗಳಲ್ಲಿ. ಕೋವಿಡ್ ಎರಡನೇ ಅಲೆಯ ಬೆನ್ನಿಗೆ ಈ ಶಿಲೀಂಧ್ರ ಸೋಂಕು, ಅಂದರೆ ಮ್ಯೂಕರ್‌ಮೈಕೋಸಿಸ್ ಹರಡಿದಾಗ ರಾಜ್ಯ ಸರ್ಕಾರ ಗುರುತಿಸಿದ ಚಿಕಿತ್ಸಾ ಕೇಂದ್ರಗಳಲ್ಲಿ ಶಿವಮೊಗ್ಗದ ವೈದ್ಯಕೀಯ ಕಾಲೇಜೂ ಒಂದು. ಮದ್ದು ಆಂಫೊಟೆರಿಸಿನ್-ಬಿ. ನೀರಿಗೆ ಒಗ್ಗದ ಈ ಔಷಧದ ಹಳೆಯ ರೂಪ ಶಿಲೀಂಧ್ರದ ಜತೆಗೆ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತಿತ್ತು. 100 ನ್ಯಾನೊಮೀಟರಿಗಿಂತ ಚಿಕ್ಕದಾದ ಕೊಬ್ಬಿನ ಗುಳ್ಳೆಯಲ್ಲಿ, ಅಂದರೆ ಲಿಪೊಸೋಮ್‌ನಲ್ಲಿ, ಸೇರಿಸಿದ ಮೇಲೆ ಆ ಹಾನಿ ಬಹಳ ಇಳಿಯಿತು, ಹೆಚ್ಚು ಪ್ರಮಾಣವನ್ನೂ ಕೊಡಬಹುದಾಯಿತು.

ವಾರ್ಡಿನಲ್ಲಿ ಇದನ್ನು ಸಿದ್ಧಪಡಿಸುವ ಬಗೆ ನಾಜೂಕಿನದು. 50 ಮಿಲಿಗ್ರಾಂ ವಯಲಿನ ಹಳದಿ ಪುಡಿಗೆ 12 ಮಿಲಿಲೀಟರ್ ಕ್ರಿಮಿರಹಿತ (ಸ್ಟೆರೈಲ್) ನೀರು ಹಾಕಿ ಜೋರಾಗಿ ಕುಲುಕಬೇಕು. ಆಮೇಲೆ ಸೋಸಿ 5% ಡೆಕ್ಸ್ಟ್ರೋಸ್‌ಗೆ ಬೆರೆಸಬೇಕು. ಸಲೈನ್ ತಾಗಿದರೆ ಔಷಧ ಗಟ್ಟಿಯಾಗಿ ಬೇರ್ಪಡುತ್ತದೆ. ದಿನಕ್ಕೆ ಕಿಲೊ ತೂಕಕ್ಕೆ 5 ಮಿಲಿಗ್ರಾಮಿನಂತೆ 60 ಕಿಲೊ ತೂಗುವ ರೋಗಿಗೆ ಆರು ವಯಲ್ ಬೇಕು, ಅದೂ ವಾರಗಟ್ಟಲೆ.

2021ರಲ್ಲಿ ಈ ಔಷಧದ ಕೊರತೆಗೆ ಈ ಲೆಕ್ಕವೂ ಕಾರಣವಾಯಿತು. ಕೇಂದ್ರ ಸರ್ಕಾರ ವಯಲ್‌ಗಳನ್ನು ರಾಜ್ಯವಾರು ಹಂಚಬೇಕಾಗಿ ಬಂತು. ನ್ಯಾನೊ ಔಷಧಗಳನ್ನು ಪರೀಕ್ಷಿಸುವ ಮಾರ್ಗಸೂಚಿ ದೇಶದಲ್ಲಿ 2019ರಲ್ಲೇ ಬಂದಿತ್ತಾದರೂ ಹಠಾತ್ ಬೇಡಿಕೆಗೆ ತಕ್ಕಷ್ಟು ತಯಾರಿಕೆ ಇರಲಿಲ್ಲ. 2021ರ ಜೂನ್ 12ರಂದು ಜಿಎಸ್‌ಟಿ ಮಂಡಳಿ ಆಂಫೊಟೆರಿಸಿನ್-ಬಿ ಮೇಲಿನ 5% ತೆರಿಗೆಯನ್ನು ತಾತ್ಕಾಲಿಕವಾಗಿ ಪೂರ್ತಿ ತೆಗೆಯಿತು.