ಹೂತ ಗಾಡಿಯನ್ನು ಎತ್ತುವ ವಿದ್ಯೆ

ಎರಡನೇ ಮಹಾಯುದ್ಧದ ಕಾಲದ ಅಮೆರಿಕನ್ ಜೀಪಿನ ಎಡಮಗ್ಗುಲನ್ನು ಗಮನಿಸಿದರೆ ಚಾಲಕನ ಸೀಟಿನ ಕೆಳಗೆ, ಬಾಗಿಲೇ ಇಲ್ಲದ ತಗಡಿನ ಮೈಗೆ, ಒಂದು ಸಲಿಕೆ ಮತ್ತು ಒಂದು ಕೊಡಲಿಯನ್ನು ಪಟ್ಟಿಯಿಂದ ಬಿಗಿದಿರುವುದು ಕಾಣುತ್ತದೆ. 1941ರಲ್ಲಿ ವಿಲ್ಲಿಸ್ ಕಂಪನಿ ಈ ಗಾಡಿಯನ್ನು ಸೇನೆಗೆ ಕೊಡಲು ಶುರುಮಾಡಿದಾಗ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ ಎಂಬ ಭ್ರಮೆ ಅದನ್ನು ಬಳಸುವವರಿಗೆ ಇರಲಿಲ್ಲ. ಸಿಕ್ಕಿಕೊಳ್ಳುತ್ತದೆ, ಆಗ ಮಣ್ಣು ಅಗೆಯಬೇಕು, ಕೊಂಬೆ ಕಡಿದು ಚಕ್ರದಡಿ ಹಾಸಬೇಕು ಎಂಬ ಲೆಕ್ಕಾಚಾರ ಗಾಡಿಯ ಮೈಮೇಲೇ ಇತ್ತು.

ಹೂತ ಗಾಡಿಯನ್ನು ಎತ್ತುವುದು ಎತ್ತಿನ ಬಂಡಿಯಷ್ಟೇ ಹಳೆಯ ಕೆಲಸ. ಗಾಲಿಗೆ ಹೆಗಲು ಕೊಡುವುದು, ಇನ್ನೊಂದು ಜೊತೆ ಎತ್ತು ಹೂಡುವುದು, ಕೆಸರಿಗೆ ಹುಲ್ಲು ಹಾಸುವುದು ಯಾವ ಶಾಲೆಯಲ್ಲೂ ಕಲಿಸುವ ವಿಷಯವಾಗಿರಲಿಲ್ಲ. ಅದು ಪಾಠವೂ ಪರೀಕ್ಷೆಯೂ ಇರುವ ಪ್ರತ್ಯೇಕ ಕಸುಬಾಗಿ ಬೆಳೆದದ್ದು ಯುದ್ಧದ ಒತ್ತಡದಲ್ಲಿ. ಬ್ರಿಟಿಷ್ ಸೇನೆಯಲ್ಲಿ ರಿಪೇರಿ ಬಲ್ಲ ಕೈಗಳು ಬೇರೆ ಬೇರೆ ದಳಗಳಲ್ಲಿ ಹಂಚಿಹೋಗಿದ್ದವು. ಕುಶಲಕರ್ಮಿಗಳು ವ್ಯರ್ಥವಾಗುತ್ತಿದ್ದಾರೆಂದು ವಿಲಿಯಂ ಬೆವೆರಿಜ್ ಸಮಿತಿ ವರದಿ ಕೊಟ್ಟ ಮೇಲೆ 1942ರ ಅಕ್ಟೋಬರ್ 1ರಂದು ರಿಪೇರಿಗೆಂದೇ ಒಂದು ದಳ ಹುಟ್ಟಿತು. ಮುಂದೆ ಬ್ರಿಟನ್ನಿನ ಸಾಮಾಜಿಕ ಭದ್ರತೆಯ ನಕ್ಷೆ ಬರೆದು ಹೆಸರಾದ ಬೆವೆರಿಜ್ ಇವರೇ. ಮರುವರ್ಷ, 1943ರ ಮೇ 1ರಂದು, ಭಾರತದಲ್ಲಿಯೂ ಅಂಥದೇ ದಳ ಬಂತು. ಇಂದಿನ ಇಎಂಇ ಅದರ ಮುಂದುವರಿಕೆ. ಅಲ್ಲಿ ರಿಪೇರಿ ಬೇರೆ, ‘ರಿಕವರಿ’ ಬೇರೆ. ಕೆಟ್ಟದ್ದನ್ನು ಸರಿಮಾಡುವುದು ಒಂದು ಕೆಲಸವಾದರೆ, ಸರಿಮಾಡಬಲ್ಲವರ ಕೈಗೆ ಅದನ್ನು ತಂದು ಮುಟ್ಟಿಸುವುದು ಇನ್ನೊಂದು.

ಅದೇ ಯುದ್ಧದಲ್ಲಿ ಕಲ್ಯಾಣದ ಪಕ್ಕದಲ್ಲಿ ಬಾಂಬೆ ಬಂದರಿಗೆ ಬಂದುಹೋಗುವ ಸೈನಿಕರಿಗಾಗಿ ದೊಡ್ಡ ಕ್ಯಾಂಪ್ ಎದ್ದಿತು. ವಿಭಜನೆಯ ನಂತರ ಖಾಲಿಯಾದ ಆ ಬ್ಯಾರಕ್ಕುಗಳಿಗೆ ಸಿಂಧ್‌ನಿಂದ ಬಂದ ನಿರಾಶ್ರಿತರು ತುಂಬಿಕೊಂಡರು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅಲ್ಲಿ ಅಡಿಗಲ್ಲು ಹಾಕಿದರು. ಉಲ್ಹಾಸ್ ನದಿಯ ಹೆಸರು ಹೊತ್ತು ಅದು ಉಲ್ಹಾಸನಗರವಾಯಿತು. ಇಂದಿಗೂ ಅಲ್ಲಿಯವರು ವಿಳಾಸ ಹೇಳುವಾಗ ಕ್ಯಾಂಪ್ ನಂಬರ್ 3, ಕ್ಯಾಂಪ್ ನಂಬರ್ 4 ಎನ್ನುತ್ತಾರೆ. ಇತ್ತ ಸೇನೆಗೆ ಬೇಡವಾದ ಜೀಪು, ಟ್ರಕ್ಕುಗಳು ದೇಶದುದ್ದಕ್ಕೂ ಹರಾಜಾಗಿ ಊರುಗಳಿಗೆ ಇಳಿದವು. ನಮ್ಮ ಮಲೆನಾಡಿನ ತೋಟಗಳಲ್ಲಿ ‘ಡಿಸ್ಪೋಸಲ್ ಜೀಪು’ ಎಂಬ ಮಾತು ಬೇರೂರಿದ್ದು ಹೀಗೆ. ಗಾಡಿಯೇನೋ ಬಂತು, ಆದರೆ ಅದರ ಕೈಪಿಡಿ ಬರಲಿಲ್ಲ, ತರಬೇತಾದ ಸೈನಿಕನೂ ಬರಲಿಲ್ಲ. ಮಳೆಗಾಲದ ತೋಟದ ರಸ್ತೆಯಲ್ಲಿ ಟೈರಿಗೆ ಸರಪಳಿ ಸುತ್ತಿ ಹತ್ತಿಸುವುದನ್ನು ಜನ ತಾವೇ ಕಲಿತರು.

1947ರಲ್ಲಿ ಮಹೀಂದ್ರಾ ಸಂಸ್ಥೆ ವಿಲ್ಲಿಸ್ ಜೀಪನ್ನು ಇಲ್ಲಿ ಜೋಡಿಸುವ ಹಕ್ಕು ಪಡೆಯಿತು. ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದ ಮೊದಲ 75 ಜೀಪುಗಳು ಬಾಂಬೆಯ ಮಝಗಾಂವ್‌ನಲ್ಲಿ ಜೋಡಣೆಯಾದವು. ಅದಕ್ಕೂ ಮೊದಲೇ, 1944ರಲ್ಲಿ, ವಾಲ್‌ಚಂದ್ ಹೀರಾಚಂದ್ ಅವರ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಗಿ, ಕುರ್ಲಾದಲ್ಲಿ ಅದರ ಕಾರ್ಖಾನೆ ಎದ್ದಿತ್ತು. ಇದರ ಹಿಂದೆ ಒಬ್ಬ ಕನ್ನಡಿಗರ ಹಠವಿದೆ. ದಿವಾನಗಿರಿ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಸುತ್ತಿಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆಯೊಂದನ್ನು ಮುಂದಿಟ್ಟಿದ್ದರು. ಆಗಿನ ಭಾರತ ಸರ್ಕಾರ ಬೆಂಬಲಿಸಲಿಲ್ಲ. ಯೋಜನೆಯ ಎಳೆಯನ್ನು ಕೈಗೆತ್ತಿಕೊಂಡವರು ವಾಲ್‌ಚಂದ್. ಕಾರು ಯಾಕೆ, ಆಮದು ಮಾಡಿಕೊಂಡರಾಯಿತು ಎಂಬ ವಾದಕ್ಕೆ ಸರಿಯಾದ ಉತ್ತರ ಕಾರ್ಖಾನೆಗಿಂತಲೂ ಗ್ಯಾರೇಜಿನಲ್ಲಿ ಸಿಗುತ್ತದೆ ಎನ್ನಬೇಕು. ಒಂದು ಗಾಡಿ ಸಾವಿರಗಟ್ಟಲೆ ಸಂಖ್ಯೆಯಲ್ಲಿ, ದಶಕಗಟ್ಟಲೆ ಬದಲಾಗದೆ ತಯಾರಾದಾಗ ಮಾತ್ರ ಅದರ ಒಳಗುಟ್ಟು ಊರೂರಿಗೆ ಹಬ್ಬುತ್ತದೆ.

ಪ್ರೀಮಿಯರ್‌ನ ಫಿಯೆಟ್, ಮುಂದೆ ಪದ್ಮಿನಿ ಎಂದು ಹೆಸರಾದದ್ದು, ಹಾಗೆ ಹಬ್ಬಿತು. ಬೇಸಿಗೆಯಲ್ಲಿ ಕಸಾರಾ ಘಾಟಿ ಹತ್ತುವಾಗ ಅದು ಏದುಸಿರು ಬಿಟ್ಟು ನಿಂತರೆ ಟ್ಯಾಕ್ಸಿ ಚಾಲಕನಿಗೆ ಗಾಬರಿಯಾಗುತ್ತಿರಲಿಲ್ಲ. ಇಂಜಿನ್ನಿಗೆ ತಾಗಿಕೊಂಡಿದ್ದ ಪಂಪಿನ ಬಿಸಿಗೆ ಪೆಟ್ರೋಲು ಆವಿಯಾಗಿರುತ್ತದೆ, ಪಂಪು ಗಾಳಿಯನ್ನು ಎಳೆಯುತ್ತಿರುತ್ತದೆ. ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಬೀಡಿ ಸೇದಿದರೆ ಗಾಡಿ ತಾನೇ ಎದ್ದುಕೊಳ್ಳುತ್ತದೆ. ಟ್ಯಾಂಕ್ ಸೋರಿದರೆ ಬಟ್ಟೆ ಸೋಪನ್ನು ಒತ್ತಿ ಉಜ್ಜುವುದು, ರೇಡಿಯೇಟರ್ ಸೋರಿದರೆ ಅರಿಶಿನದ ಪುಡಿ ಹಾಕುವುದು, ಪಾಯಿಂಟಿನ ಕಪ್ಪನ್ನು ಬೆಂಕಿಪೊಟ್ಟಣದ ಮಗ್ಗುಲಿಗೆ ತಿಕ್ಕಿ ತೆಗೆಯುವುದು ಎಲ್ಲರಿಗೂ ಗೊತ್ತಿದ್ದ ಮದ್ದುಗಳು. ಕೆಲವು ಮನೆಮದ್ದುಗಳಂತೆ ಇವೂ ಊರು ತಲುಪಿಸುವಷ್ಟಕ್ಕೆ ಮಾತ್ರ. ಅರಿಶಿನವನ್ನೇ ನಂಬಿ ತಿಂಗಳು ಓಡಿಸಿದವರ ರೇಡಿಯೇಟರಿನ ಕೊಳವೆಗಳೆಲ್ಲ ಕಟ್ಟಿಕೊಂಡದ್ದೂ ಉಂಟು.

1950ರಲ್ಲಿ ಸರ್ಕಾರ ಕುಶಲಕರ್ಮಿಗಳ ತರಬೇತಿ ಯೋಜನೆ ಆರಂಭಿಸಿ, ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಕೋರ್ಸು ಬಂದಾಗ ಗಾಡಿ ಸಮತಟ್ಟಾದ ಸಿಮೆಂಟು ನೆಲದ ಮೇಲೆ ನಿಂತಿತ್ತು. ಇಳಿಜಾರಿನಲ್ಲಿ, ಮಳೆಯಲ್ಲಿ, ರಾತ್ರಿಯಲ್ಲಿ ಏನು ಮಾಡಬೇಕೆಂಬ ಪಾಠ ನಡೆದದ್ದು ಲಾರಿಯ ಎಡಬಾಗಿಲಿನಲ್ಲಿ. ಅಲ್ಲಿನ ವಿದ್ಯಾರ್ಥಿಯ ಹೆಸರು ಕ್ಲೀನರ್. ಘಾಟಿಯಲ್ಲಿ ಲಾರಿ ನಿಂತ ಕೂಡಲೆ ಹಾರಿ ಇಳಿದು ಹಿಂಚಕ್ರಕ್ಕೆ ಕಲ್ಲು ಕೊಡುವುದು ಅವನ ಮೊದಲ ಪಾಠ. ಜಾಕ್ ಇಡುವ ಮುನ್ನ ಹಲಗೆ ಇಡುವುದು ಎರಡನೆಯದು, ಏಕೆಂದರೆ ಕೆಸರಿನಲ್ಲಿ ಜಾಕು ಗಾಡಿಯನ್ನು ಎತ್ತುವ ಬದಲು ತಾನೇ ಭೂಮಿಗಿಳಿಯುತ್ತದೆ. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ತೂರಬಾರದು ಎಂಬ ಮೂರನೆಯ ಪಾಠವನ್ನು ಮಾತ್ರ ಹೆಚ್ಚಿನ ಉಸ್ತಾದರು ಕಲಿಸಲಿಲ್ಲ, ತಾವೂ ಪಾಲಿಸಲಿಲ್ಲ. ಈ ಪರಂಪರೆಯ ಬಗ್ಗೆ ಭಾವುಕರಾಗಿ ಬರೆಯುವವರು ಮರೆಯುವ ಇನ್ನೊಂದು ಸಂಗತಿಯೂ ಇದೆ. ಲಾರಿ ಹೊರಟ ಮೇಲೆ ಆ ಕಲ್ಲು ರಸ್ತೆಯಲ್ಲೇ ಉಳಿಯುತ್ತಿತ್ತು. ಕತ್ತಲಲ್ಲಿ ಬಂದ ಬೈಕಿನವನಿಗೆ ಅದು ಕಾಣುತ್ತಿರಲಿಲ್ಲ.

ಈ ಸೀಮೆಯ ಭೂಗುಣವೂ ಮಾತಿಗೆ ಬರಬೇಕು. ಠಾಣೆಯಿಂದ ಕಲ್ಯಾಣ, ಮುರ್ಬಾಡ್, ಶಹಾಪುರದತ್ತ ಹೋದಂತೆ ಕೆಳಗೆ ಕರಿಕಲ್ಲು, ಮೇಲೆ ಗದ್ದೆಯ ಮಣ್ಣು. ಜೂನ್‌ನಿಂದ ನಾಲ್ಕು ತಿಂಗಳು ಆ ಮಣ್ಣು ಬೆಣ್ಣೆ. ಅದರಾಚೆ ಸಹ್ಯಾದ್ರಿಯ ಗೋಡೆ. ಕಸಾರಾದಿಂದ ಇಗತ್ಪುರಿಗೆ ರೈಲು ಹತ್ತುವುದು 37ಕ್ಕೆ 1ರ ಏರಿನಲ್ಲಿ. ಅಲ್ಲಿ ರೈಲುಗಳ ಹಿಂದೆ ತಳ್ಳಲು ಹೆಚ್ಚುವರಿ ಇಂಜಿನ್ ಕಟ್ಟುತ್ತಾರೆ. ಇನ್ನೊಂದು ಜೊತೆ ಎತ್ತು ಹೂಡುವ ಉಪಾಯವೇ ಅದು, ಉಕ್ಕಿನಲ್ಲಿ. ದಕ್ಷಿಣಕ್ಕೆ, 1970ರಲ್ಲಿ ಸಿಡ್ಕೊ ಹುಟ್ಟಿ ನವಿ ಮುಂಬಯಿ ಕಟ್ಟತೊಡಗಿದಾಗ ಜವುಗು ಭೂಮಿ, ಕಲ್ಲುಕ್ವಾರಿಗಳ ನಡುವೆ ಟಿಪ್ಪರುಗಳು ಓಡಿದವು. 1989ರಲ್ಲಿ ನ್ಹಾವಾ ಶೇವಾ ಬಂದರು ತೆರೆದ ಮೇಲೆ ಕಳಂಬೋಲಿಯತ್ತ ಕಂಟೇನರ್ ಟ್ರೈಲರುಗಳು ಬಂದವು. ಅವು ಮಗುಚಿದರೆ ಹಗ್ಗ, ಹೆಗಲು ಸಾಲದು, ಕ್ರೇನೇ ಬೇಕು. 2002ರಲ್ಲಿ ಪೂರ್ತಿಯಾದ ಪುಣೆ ಎಕ್ಸ್‌ಪ್ರೆಸ್‌ವೇ ಹಳೆಯ ವಿದ್ಯೆಯನ್ನು ತಲೆಕೆಳಗು ಮಾಡಿತು. ಅಲ್ಲಿ ಗಾಡಿ ಕೆಟ್ಟರೆ ಬಾನೆಟ್ ಎತ್ತಿ ಬಗ್ಗಿ ನಿಲ್ಲುವುದೇ ಅಪಾಯ. ತ್ರಿಕೋನ ಇಟ್ಟು, ತಡೆಗಂಬಿಯ ಆಚೆ ಹೋಗಿ ನಿಂತು, ಫೋನು ಮಾಡಬೇಕು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಉಲ್ಹಾಸ್ ಉಕ್ಕಿ ಬದ್ಲಾಪುರ, ಕಲ್ಯಾಣಗಳಿಗೆ ನುಗ್ಗಿತು. ಆಫ್‌ರೋಡ್ ಎಂಬುದು ಹವ್ಯಾಸಿಗಳ ಮಾತಾಗಿದ್ದ ಕಾಲದಲ್ಲಿ ಆ ಸಂಜೆ ಲಕ್ಷಾಂತರ ಸಾಮಾನ್ಯರು ಆಫೀಸಿನಿಂದ ಮನೆಗೆ ಹೊರಟು ನದಿ ದಾಟಬೇಕಾಯಿತು. ಕಾರಿನೊಳಗೇ ಸಿಕ್ಕಿ ಸತ್ತವರಿದ್ದರು. ನೀರು ತಾಗಿ ವಿದ್ಯುತ್ ಕಿಟಕಿಗಳು ಇಳಿಯಲಿಲ್ಲ, ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯಲಿಲ್ಲ. ಗಾಜು ಒಡೆಯುವ ಪುಟ್ಟ ಸುತ್ತಿಗೆ ಅಂಗಡಿಗೆ ಬಂದದ್ದು ಅದರ ನಂತರ. ಬದುಕಿ ಮನೆ ಸೇರಿದವರಲ್ಲಿ ಎಷ್ಟೋ ಜನ ಮರುದಿನ ನೀರಿಳಿದ ಮೇಲೆ ಕೀಲಿ ತಿರುಗಿಸಿ ಇಂಜಿನ್ ಕಳೆದುಕೊಂಡರು. ಗಾಳಿ ಎಳೆಯುವ ಕೊಳವೆಯಿಂದ ಸಿಲಿಂಡರಿಗೆ ಹೋದ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ ಮೇಲೇಳಲಾರದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಸ್ಟಾರ್ಟ್ ಮಾಡದೆ, ಪ್ಲಗ್ ಬಿಚ್ಚಿ ನೀರು ಹೊರಹಾಕಿದ್ದರೆ ಇಂಜಿನ್ ಉಳಿಯುತ್ತಿತ್ತು. ನೀರಿನಲ್ಲಿ ನಿಂತ ಗಾಡಿಗೆ ಮಾಡಬೇಕಾದ ಅತಿ ಮುಖ್ಯ ಕೆಲಸ ಏನನ್ನೂ ಮಾಡದಿರುವುದು. ಉಸ್ತಾದನ ಶಿಷ್ಯನಿಗೆ ಇದು ಗೊತ್ತಿತ್ತು, ಕಾರು ಕೊಂಡವನಿಗೆ ಯಾರೂ ಹೇಳಿರಲಿಲ್ಲ.

ಈಚಿನ ವರ್ಷಗಳಲ್ಲಿ ಇದನ್ನೆಲ್ಲ ಹಣ ಕೊಟ್ಟು ಕಲಿಯುವುದು ಬಂದಿದೆ. ಕಸಾರಾ ಘಾಟಿ ಹತ್ತಿದ ಮೇಲೆ ಇಗತ್ಪುರಿಯ ಬಳಿ ಮಹೀಂದ್ರಾದವರದೇ ಆಫ್‌ರೋಡ್ ತರಬೇತಿ ಅಂಗಳವಿದೆ. ಅಲ್ಲಿಂದ ಮುಂದೆ ನಾಸಿಕ್‌ನಲ್ಲಿ ಹಳೆಯ ಜೀಪಿನ ವಂಶದ ಥಾರ್ ತಯಾರಾಗುತ್ತದೆ. ಠಾಣೆ, ಡೊಂಬಿವಲಿಯ ಫ್ಲಾಟುಗಳಲ್ಲಿರುವ ಸಾಫ್ಟ್‌ವೇರ್ ನೌಕರರು, ಬ್ಯಾಂಕಿನವರು ಭಾನುವಾರ ಇಂಥ ಅಂಗಳಗಳಿಗೆ ಬೇಕೆಂದೇ ಗಾಡಿ ಹೂಳಲು ಹೋಗುತ್ತಾರೆ. ನಗುವವರು ನಗಲಿ. ಅವರು ಕಲಿಯುವ ಲೆಕ್ಕ ಸೇನೆಯ ಕೈಪಿಡಿಗಳದ್ದೇ: ಚಕ್ರದ ಮಟ್ಟಕ್ಕೆ ಹೂತರೆ ಗಾಡಿಯ ತೂಕದಷ್ಟೇ ಎಳೆತ ಬೇಕು, ಮಡ್‌ಗಾರ್ಡಿನ ಮಟ್ಟಕ್ಕೆ ಹೂತರೆ ಎರಡರಷ್ಟು. 1,700 ಕಿಲೋ ಗಾಡಿ ಮಡ್‌ಗಾರ್ಡ್ ತನಕ ಮುಳುಗಿದ್ದರೆ 3,400 ಕಿಲೋ ಎಳೆಯಬೇಕು. ಎದುರಿನ ಮರಕ್ಕೆ ರಾಟೆ ಕಟ್ಟಿ ವಿಂಚಿನ ಹಗ್ಗವನ್ನು ಅದರ ಮೂಲಕ ಹಿಂದಕ್ಕೆ ತಂದು ಗಾಡಿಗೇ ಸಿಕ್ಕಿಸಿದರೆ ವಿಂಚಿನ ಪಾಲಿಗೆ ಹೊರೆ ಅರ್ಧವಾಗುತ್ತದೆ, ಹಗ್ಗ ಸುತ್ತುವ ಹೊತ್ತು ಎರಡರಷ್ಟಾಗುತ್ತದೆ. ಒಂದು ಸಲಿಕೆಯಿಂದ ಚಕ್ರದ ಮುಂದಿನ ಮಣ್ಣು ತೆಗೆದರೆ ಈ ಲೆಕ್ಕವೇ ಬದಲಾಗುತ್ತದೆ. ಹೊಸಬರಿಗೆ ಸಾಮಾನ್ಯವಾಗಿ ಇಷ್ಟವಾಗದ ಪಾಠ ಇದು, ಅವರು ಬಂದಿರುವುದು ವಿಂಚು ನೋಡಲು.

ಎಲ್ಲಕ್ಕಿಂತ ಗಂಭೀರವಾದದ್ದು ಎಳೆಯುವ ಪಟ್ಟಿಯ ವಿಷಯ. ಹಿಗ್ಗುವ ನೈಲಾನ್ ಪಟ್ಟಿ ರಬ್ಬರಿನಂತೆ ಶಕ್ತಿಯನ್ನು ತುಂಬಿಕೊಂಡು ಒಮ್ಮೆಲೇ ಬಿಡುತ್ತದೆ. ಅದನ್ನು ಟ್ರೈಲರ್ ಕಟ್ಟುವ ಉಕ್ಕಿನ ಗುಂಡಿಗೆ ಸಿಕ್ಕಿಸಿ ಎಳೆದು, ಗುಂಡು ಮುರಿದು ಹಾರಿ, ಬೇರೆ ದೇಶಗಳಲ್ಲಿ ಜನ ಸತ್ತಿದ್ದಾರೆ. ಆದ್ದರಿಂದ ಶಾಸಿಗೆ ಬೋಲ್ಟ್ ಮಾಡಿದ ಕೊಂಡಿಯೇ ಆಗಬೇಕು, ಹಗ್ಗದ ನಡುವೆ ಒದ್ದೆ ಗೋಣಿಚೀಲವೋ ಕಂಬಳಿಯೋ ಹೊದಿಸಬೇಕು, ನೋಡುವವರು ಹಗ್ಗದ ಉದ್ದಕ್ಕಿಂತ ದೂರ ನಿಲ್ಲಬೇಕು. ಮಳೆಗಾಲದಲ್ಲಿ ಮಾಳ್ಶೇಜ್ ಕಡೆಯ ಹಳ್ಳಿ ರಸ್ತೆಯಲ್ಲಿ ಕಾರೊಂದು ಚರಂಡಿಗೆ ಇಳಿದರೆ ಎರಡೇ ನಿಮಿಷದಲ್ಲಿ ಹತ್ತು ಮಂದಿ ಸೇರುತ್ತಾರೆ, ಯಾರೋ ಟ್ರ್ಯಾಕ್ಟರ್ ತರುತ್ತಾರೆ, ಇನ್ಯಾರೋ ಬಾವಿಯ ಹಗ್ಗ ತರುತ್ತಾರೆ. ದುಡ್ಡು ಕೇಳುವವರು ಕಡಿಮೆ. ತರಬೇತಿ ಪಡೆದು ಬಂದವನು ಅಲ್ಲಿದ್ದರೆ ಅವನು ಮೊದಲು ಮಾಡಬೇಕಾದ್ದು ಹಗ್ಗ ಕಟ್ಟುವುದಲ್ಲ, ಹಗ್ಗದ ಪಕ್ಕದಲ್ಲಿ ನಿಂತ ಮಕ್ಕಳನ್ನು ದೂರ ಕಳಿಸುವುದು.